ಮನೆ ಕಂದಾಯದ ರಸೀದಿಯಿಂದ ಶುರು: ಪಂಚಾಯಿತಿ ಬಜೆಟ್ಟು, ರಾಜ್ಯದ ಕಾಯ್ದೆ, ಊರಿನ ಸೇವೆಗಳು

ಎಲ್ಲರಿಗೂ ನಮಸ್ಕಾರ.

ಪಂಚಾಯಿತಿ ಬಜೆಟ್ ಬಗ್ಗೆ ಮಾತು ಅಂದರೆ ಅರ್ಧ ಜನಕ್ಕೆ ಆಕಳಿಕೆ ಬರುತ್ತದೆ. ವಿಧಾನಸೌಧದಲ್ಲಿ ಬಜೆಟ್ ಮಂಡಿಸುವ ದಿನ ಟೀವಿ ಮುಂದೆ ಕೂರುವವರು ಕೂಡ, ತಮ್ಮ ಗ್ರಾಮ ಪಂಚಾಯಿತಿ ಬಜೆಟ್ ಯಾವಾಗ ಅಂತ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಅದು ಆಗುತ್ತದೆ. ಸದ್ದಿಲ್ಲದೆ ಆಗಿ ಮುಗಿದೂ ಹೋಗುತ್ತದೆ. ಹಾಗಾಗಿ ನಾನು ಬಜೆಟ್‌ನಿಂದ ಶುರು ಮಾಡುವುದಿಲ್ಲ. ನಿಮ್ಮೆಲ್ಲರ ಮನೆಯಲ್ಲೂ ಇರುವ ಒಂದು ಕಾಗದದಿಂದ ಶುರು ಮಾಡುತ್ತೇನೆ. ಮನೆ ಕಂದಾಯದ ರಸೀದಿ.

ಬಿಲ್ ಕಲೆಕ್ಟರ್ ಕೊಟ್ಟ ರಸೀದಿಯನ್ನು ನಾವು ಏನು ಮಾಡುತ್ತೇವೆ? ಒಟ್ಟು ಎಷ್ಟು ಅಂತ ನೋಡಿ ಮಡಚಿ ಇಡುತ್ತೇವೆ. ಮುಂದಿನ ಸಲ ಬಿಡಿಸಿ ನೋಡಿ. ಕಂದಾಯದ ಜೊತೆಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಬೇರೆ ಬೇರೆ ಸಾಲುಗಳಿರುತ್ತವೆ. ಕಂದಾಯ 1,000 ರೂಪಾಯಿ ಅಂದುಕೊಳ್ಳಿ. ಆರೋಗ್ಯ ಕರ ನೂರಕ್ಕೆ 15, ಅಂದರೆ 150. ಗ್ರಂಥಾಲಯ ಕರ ನೂರಕ್ಕೆ 6, ಅಂದರೆ 60. ಭಿಕ್ಷುಕರ ಕರ ನೂರಕ್ಕೆ 3, ಅಂದರೆ 30. ಈ ಮೂರೇ ಸೇರಿ 240 ರೂಪಾಯಿ ಆಯಿತು.

ಈ ಕರಗಳನ್ನು ಪಂಚಾಯಿತಿ ತಾನಾಗಿ ಹಾಕಿದ್ದಲ್ಲ. ಆರೋಗ್ಯ ಕರಕ್ಕೆ 1962ರ ಕಾಯ್ದೆ ಇದೆ. ಗ್ರಂಥಾಲಯದ್ದಕ್ಕೆ 1965ರ ಕಾಯ್ದೆ. ಭಿಕ್ಷುಕರ ಕರಕ್ಕೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಆ ದುಡ್ಡು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಅಂತ ಇರುವುದು. ಎಲ್ಲವೂ ಬೆಂಗಳೂರಿನಲ್ಲಿ ಶಾಸಕರು ಕೂತು ಪಾಸು ಮಾಡಿದವು. ವಸೂಲಿಗೆ ಬಂದು ಬೈಸಿಕೊಳ್ಳುವವನು ಮಾತ್ರ ನಮ್ಮ ಬಿಲ್ ಕಲೆಕ್ಟರ್. ರಾಜ್ಯದ ಕಾಯ್ದೆ ಅಂದರೆ ಎಲ್ಲೋ ದೂರದ ಸಂಗತಿ ಅಂತ ಯಾರಾದರೂ ಅಂದರೆ ನಾನು ಈ ರಸೀದಿಯನ್ನೇ ತೋರಿಸುವುದು.

ಆ 60 ರೂಪಾಯಿಯನ್ನೇ ಸ್ವಲ್ಪ ಹಿಂಬಾಲಿಸೋಣ. ಊರಿನ ಲೈಬ್ರರಿ ಮೊದಲು ಗ್ರಂಥಾಲಯ ಇಲಾಖೆಯ ಕೈಲಿತ್ತು. 2019ರಲ್ಲಿ ಅದನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಆಮೇಲೆ ಬೋರ್ಡು ಬದಲಾಯಿತು, 'ಅರಿವು ಕೇಂದ್ರ' ಅಂತ ಆಯಿತು. ಕೆಲವು ಕಡೆ ನಿಜವಾಗಿಯೂ ಚೆನ್ನಾಗಿವೆ. ಸಂಜೆ ಶಾಲೆ ಬಿಟ್ಟ ಮಕ್ಕಳು ಬ್ಯಾಗ್ ಸಮೇತ ಅಲ್ಲೇ ಬಂದು ಕೂರುತ್ತಾರೆ. ಪರೀಕ್ಷೆಗೆ ಓದುವ ಹುಡುಗಿಯರು ಕಂಪ್ಯೂಟರ್‌ಗೆ ಸರದಿ ಕಾಯುತ್ತಾರೆ. ಇನ್ನು ಕೆಲವು ಕಡೆ ಬೀಗ, ಬೀಗದ ಮೇಲೆ ಧೂಳು. ಎರಡೂ ಊರಿನ ಜನ ಕಟ್ಟುವುದು ಅದೇ ನೂರಕ್ಕೆ 6. ನಾವು ಇಷ್ಟು ಮನೆ ಸೇರಿ ಇಷ್ಟು ಗ್ರಂಥಾಲಯ ಕರ ಕಟ್ಟಿದ್ದೇವೆ, ಈ ವರ್ಷ ಏನು ತಂದಿರಿ ಅಂತ ಕೇಳಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ಸುಮ್ನೆ ಕೇಳಿದೆ.

ಈಗ ದೊಡ್ಡ ದುಡ್ಡಿಗೆ ಬರೋಣ. ನಾವು ಕಟ್ಟುವ ಕಂದಾಯದಿಂದಲೇ ಪಂಚಾಯಿತಿ ನಡೆಯುತ್ತದೆ ಅಂತ ಯಾರೂ ತಿಳಿಯಬೇಡಿ. ಪೇಟೆ ಅಂಚಿನ ಪಂಚಾಯಿತಿಗಳಿಗೆ ಕಟ್ಟಡ, ಬಡಾವಣೆ, ಫ್ಯಾಕ್ಟರಿ ಅಂತ ಒಳ್ಳೆ ಆದಾಯ ಇರಬಹುದು. ಒಳನಾಡಿನ ಪಂಚಾಯಿತಿಗಳು ಬದುಕುವುದೇ ಮೇಲಿಂದ ಬರುವ ಅನುದಾನದ ಮೇಲೆ. ಆ ಅನುದಾನ ಯಾವುದಕ್ಕೆ ಅಂತ ಮೊದಲೇ ಬರೆಸಿಕೊಂಡೇ ಬರುತ್ತದೆ.

ಕೇಂದ್ರದ ತೆರಿಗೆ ದುಡ್ಡನ್ನು ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗದ ಲೆಕ್ಕ ನೋಡಿ. 2021ರಿಂದ 2026ರವರೆಗಿನ ಐದು ವರ್ಷಕ್ಕೆ ಅದು ಹೇಳಿದ್ದೇನು? ಪಂಚಾಯಿತಿಗೆ ಹೋಗುವ ನೂರು ರೂಪಾಯಿಯಲ್ಲಿ 60 ರೂಪಾಯಿ ಎರಡೇ ವಿಷಯಕ್ಕೆ. ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ಇಂಥದ್ದಕ್ಕೆ. ಇದನ್ನು ಪಂಚಾಯಿತಿ ಆಫೀಸಿನಲ್ಲಿ ಟೈಡ್ ಗ್ರಾಂಟ್ ಅಂತಲೇ ಕರೆಯುತ್ತಾರೆ. ಉಳಿದ 40 ಅನ್‌ಟೈಡ್, ಊರಿನ ಅಗತ್ಯಕ್ಕೆ ಬಳಸಬಹುದು. ಆದರೆ ಅದರಲ್ಲೂ ಸಂಬಳ ಕೊಡುವ ಹಾಗಿಲ್ಲ.

ವಾರ್ಡ್ ಸಭೆಯಲ್ಲಿ ಜಗಳ ಹುಟ್ಟುವುದು ಇಲ್ಲೇ. ಯಾರೋ ಹಿರಿಯರು ಎದ್ದು ನಿಂತು, 'ಏನ್ರೀ ಪಿಡಿಒ, ಸಮುದಾಯ ಭವನಕ್ಕೆ ಗೋಡೆ ಎದ್ದು ವರ್ಷ ಆಯ್ತು, ಸೂರು ಹಾಕೋಕೆ ದುಡ್ಡಿಲ್ಲ ಅಂತೀರಿ, ಚರಂಡಿಗೆ ಮಾತ್ರ ಎಲ್ಲಿಂದ ಬಂತು?' ಅಂತ ಕೇಳುತ್ತಾರೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, 'ಬರಲ್ಲ ಸರ್, ಆ ಹೆಡ್ಡೇ (ಲೆಕ್ಕದ ಬಾಬತ್ತೇ) ಬೇರೆ' ಅನ್ನುತ್ತಾರೆ. ಜನಕ್ಕೆ ಇದು ನೆಪ ಅನ್ನಿಸುತ್ತದೆ. ಎಷ್ಟೋ ಸಲ ಪಿಡಿಒ ಹೇಳುವುದು ಸರಿಯೇ ಇರುತ್ತದೆ. ಚರಂಡಿಯ ದುಡ್ಡನ್ನು ಸೂರಿಗೆ ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಅವರೇ. ಆದರೆ ಅಲ್ಲಿಗೆ ಬಿಡಬೇಡಿ. 'ಹಾಗಾದರೆ ಅನ್‌ಟೈಡ್‌ನಲ್ಲಿ ಈ ವರ್ಷ ಎಷ್ಟು ಬಂದಿದೆ, ಯಾವ ಕೆಲಸಕ್ಕೆ ಇಟ್ಟಿದ್ದೀರಿ?' ಅಂತ ಕೇಳಬೇಕು. ಈ ಪ್ರಶ್ನೆಗೆ ನೆಪ ಹೇಳೋಕೆ ಬರುವುದಿಲ್ಲ, ಅಂಕಿಯೇ ಹೇಳಬೇಕಾಗುತ್ತದೆ.

ಖರ್ಚಿನ ಕಡೆ ನನ್ನನ್ನು ಜಾಸ್ತಿ ಕಾಡುವುದು ಕರೆಂಟ್ ಬಿಲ್. ಬೋರ್‌ವೆಲ್ ಪಂಪು, ಬೀದಿ ದೀಪ, ಇವೆರಡರ ಬಿಲ್ಲು ಪಂಚಾಯಿತಿಯನ್ನು ತಿಂದುಹಾಕುತ್ತದೆ. ರಾಜ್ಯ ಸರ್ಕಾರ ಕೊಡುವ ಶಾಸನಬದ್ಧ ಅನುದಾನದಲ್ಲಿ ದೊಡ್ಡ ಪಾಲು ಈ ಬಿಲ್ಲಿಗೂ ಸಿಬ್ಬಂದಿ ಸಂಬಳಕ್ಕೂ ಹೋಗುತ್ತದೆ. ನೀವೇ ನೋಡಿರುತ್ತೀರಿ, ಮಟಮಟ ಮಧ್ಯಾಹ್ನ ಬೀದಿ ದೀಪ ಉರಿಯುತ್ತಿರುತ್ತದೆ. ಎಷ್ಟೋ ಕಡೆ ಆ ಕಂಬಕ್ಕೆ ಸ್ವಿಚ್ಚೇ ಇರುವುದಿಲ್ಲ. ಲೈನಿಂದ ನೇರ ಬಲ್ಬಿಗೆ ತಂತಿ. ಕರೆಂಟ್ ಇರುವಷ್ಟು ಹೊತ್ತೂ ಉರಿಯಬೇಕು, ಬಲ್ಬು ಸುಟ್ಟಾಗಲೇ ಅದಕ್ಕೆ ಬಿಡುವು. ಮೀಟರ್ ಇಲ್ಲದಿದ್ದರೆ ಎಷ್ಟು ಯೂನಿಟ್ ಅಂತ ಅಂದಾಜು ಹಾಕಿ ಬಿಲ್ ಕಳಿಸುತ್ತಾರೆ. ಒಂದು ಸ್ವಿಚ್ ವೈರು, ಒಂದು ಟೈಮರ್, ಒಂದು ಮೀಟರ್. ದೊಡ್ಡ ಯೋಜನೆ ಏನೂ ಬೇಡ ಇದಕ್ಕೆ. ಶಂಕುಸ್ಥಾಪನೆ ಮಾಡೋಕೆ ಆಗುವ ಕೆಲಸ ಅಲ್ಲ ಇದು. ಅದಕ್ಕೇ ಯಾರಿಗೂ ಆಸಕ್ತಿ ಇಲ್ಲವೇನೋ ಅಂತ ನನಗೆ ಅನುಮಾನ.

ಇದಕ್ಕೆ ಈಗ ಮನೆಮನೆ ನಲ್ಲಿಯೂ ಸೇರಿತು. ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆ ಆಯಿತು. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಅಂತ ಗುರಿ. ಪೈಪು ಹಾಕಿದರು, ನಲ್ಲಿ ಕೂರಿಸಿದರು, ಒಳ್ಳೆಯದೇ. ಬೀದಿ ನಲ್ಲಿಯ ಹತ್ತಿರ ಕೊಡ ಇಟ್ಟು ಕಾಯುತ್ತಿದ್ದ ಹೆಂಗಸರನ್ನು ಕೇಳಿ, ಅದರ ಬೆಲೆ ಅವರಿಗೆ ಗೊತ್ತು. ಆದರೆ ಕಾಮಗಾರಿ ಮುಗಿದ ಮೇಲೆ ಅದನ್ನು ನಡೆಸುವ ಹೊಣೆ ಯಾರದ್ದು? ಪಂಚಾಯಿತಿಯದ್ದು. ಪಂಪು ಜಾಸ್ತಿ ಹೊತ್ತು ಓಡುತ್ತದೆ, ಬಿಲ್ಲು ಏರುತ್ತದೆ. ವಾಲ್ವ್ ಹಾಳಾದರೆ ರಿಪೇರಿ ಮಾಡಿಸಬೇಕು. ವಾಟರ್‌ಮನ್‌ಗೆ ಸಂಬಳ ಕೊಡಬೇಕು. ನೀರಿನ ಕರ ಮಾತ್ರ ಯಾರೂ ಕೊಡಲ್ಲ ಅಂತಾರೆ. ಚುನಾವಣೆ ಹತ್ತಿರ ಇದ್ದರೆ ಸದಸ್ಯರೂ ಕೇಳೋಕೆ ಹೋಗಲ್ಲ. ನಾನಂತೂ ನೀರಿನ ಕರ ಕಟ್ಟಬೇಕು ಅನ್ನುವವನು. ಕಟ್ಟಿದವರ ಬಾಯಿಗೆ ಬಲ ಜಾಸ್ತಿ. ಮೂರು ದಿನ ನೀರು ಬರದಿದ್ದರೆ ಬಾಕಿ ಇಟ್ಟವನಿಗಿಂತ ಜೋರಾಗಿ ಕೇಳಬಹುದು, ಅಲ್ವಾ?

ಪಂಚಾಯಿತಿಯ ಸ್ವಂತ ಆದಾಯದಲ್ಲೂ ಕೆಲವು ಪಾಲು ಮೀಸಲು. ನೂರಕ್ಕೆ 25 ಪರಿಶಿಷ್ಟ ಜಾತಿ, ಪಂಗಡದವರ ಏಳಿಗೆಗೆ. ನೂರಕ್ಕೆ 5 ಅಂಗವಿಕಲರಿಗೆ. ಈ 5ನ್ನು ಬಹಳ ಕಡೆ ಮಾರ್ಚ್ ಕೊನೆ ವಾರದಲ್ಲಿ ನೆನಪಿಸಿಕೊಂಡು ಅವಸರದಲ್ಲಿ ಖರ್ಚು ಹಾಕುತ್ತಾರೆ. ನಿಮ್ಮ ಬೀದಿಯಲ್ಲಿ ಗಾಲಿಕುರ್ಚಿ ಬೇಕಾದವರು ಇದ್ದರೆ, ಶಾಲೆಗೆ ರ್‍ಯಾಂಪ್ ಬೇಕಿದ್ದರೆ ಮಾರ್ಚ್‌ವರೆಗೆ ಕಾಯಬೇಡಿ, ಮೊದಲೇ ಬರೆದು ಕೊಡಿ.

ಕಾಯ್ದೆಯ ಕಡೆ ಸ್ವಲ್ಪ ತಿರುಗೋಣ. ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೆ ಹೆಸರಿತ್ತು. 1983ರಲ್ಲೇ ನಮ್ಮಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯ್ದೆ ಬಂತು. 1987ರಲ್ಲಿ ಚುನಾವಣೆ ಆಯಿತು, ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟೇ ಆಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದ ಕಾಲ ಅದು. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆದರು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ಕ್ಕೆ. ಅದೇ ವರ್ಷ ನಮ್ಮ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಆಮೇಲೆ ತಿದ್ದುಪಡಿ ಮಾಡಿ ಅದರ ಹೆಸರಿಗೆ 'ಗ್ರಾಮ ಸ್ವರಾಜ್' ಅಂತ ಸೇರಿಸಿದರು.

ಹೆಸರು ದೊಡ್ಡದಾಯಿತು. ಆದರೆ 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಏನಾಯಿತು? ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಆಡಳಿತಾಧಿಕಾರಿಗಳ ಕೈಲಿ ಎಲ್ಲ ನಡೆಯಿತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮಾಡಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದು ಮುಂದಕ್ಕೇ ಹೋಯಿತು. ಹಾಗಾಗಿ ಪಕ್ಷದ ಜಗಳ ಇಲ್ಲಿ ಬೇಡ. ನಷ್ಟ ಮಾತ್ರ ನೋಡಿ. ಆರಿಸಿ ಬಂದ ಸಂಸ್ಥೆ ಇದ್ದರೆ ಮಾತ್ರ, ಲೆಕ್ಕಪತ್ರ ಆನ್‌ಲೈನ್‌ಗೆ ಹಾಕಿದ್ದರೆ ಮಾತ್ರ ಅನುದಾನ ಅಂತ 15ನೇ ಹಣಕಾಸು ಆಯೋಗ ಷರತ್ತು ಹಾಕಿತ್ತು. ಚುನಾವಣೆ ಮುಂದೂಡಿದರೆ ದುಡ್ಡಿಗೂ ಕತ್ತರಿ.

ಬೆಂಗಳೂರಿನವರಿಗೂ ಇದೇ ಕಥೆ. ಬಿಬಿಎಂಪಿಗೆ ಕೊನೆಯ ಚುನಾವಣೆ 2015ರಲ್ಲಿ, ಅವಧಿ ಮುಗಿದದ್ದು 2020ರಲ್ಲಿ. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು, 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಅದರ ಚರ್ಚೆಗೆ ಇನ್ನೊಂದು ದಿನ ಬೇಕು, ಬಿಡಿ.

ಇನ್ನು ಸೇವೆಗಳು. ಪಂಚಾಯಿತಿ ಆಫೀಸಿನಲ್ಲೇ ಬಾಪೂಜಿ ಸೇವಾ ಕೇಂದ್ರ ಇದೆ. ಪಹಣಿ, ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗೆ ನಾಡಕಚೇರಿವರೆಗೆ ಬಸ್ಸು ಹತ್ತಬೇಕಾಗಿಲ್ಲ. ಅರ್ಜಿ ಹಾಕಿದಾಗ ಒಂದೇ ಒಂದು ವಿಷಯ ಮರೆಯಬೇಡಿ: ಸಕಾಲದ ಸ್ವೀಕೃತಿ ಚೀಟಿ. ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆ 2011ರದ್ದು, 2012ರ ಏಪ್ರಿಲ್‌ನಿಂದ ರಾಜ್ಯದ ಎಲ್ಲ ಕಡೆ ಜಾರಿಯಲ್ಲಿದೆ. ಚೀಟಿಯಲ್ಲಿ ಜಿಎಸ್‌ಸಿ ನಂಬರ್, ಅಂದರೆ ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ ಇರುತ್ತದೆ, ಯಾವ ದಿನದೊಳಗೆ ಕೆಲಸ ಆಗಬೇಕು ಅಂತಲೂ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಅದು ತಡ ಮಾಡಿದವರ ಸಂಬಳದಿಂದ ಹೋಗುತ್ತದೆ. 20 ರೂಪಾಯಿಗೆ ಏನು ಬರುತ್ತದೆ ಅಂತ ನಗಬೇಡಿ. ಆ ನಂಬರ್ ಹಿಡಿದು ಮೇಲಿನ ಅಧಿಕಾರಿಗೆ ಅಪೀಲು ಹಾಕಿದರೆ ಫೈಲು ಎದ್ದು ಓಡಾಡುತ್ತದೆ. 'ನಾಳೆ ಬನ್ನಿ ನೋಡೋಣ, ಚೀಟಿ ಯಾಕೆ' ಅಂದರೆ ಒಪ್ಪಬೇಡಿ. ಚೀಟಿ ಇಲ್ಲದ ಅರ್ಜಿ ಕಾಯ್ದೆಯ ಲೆಕ್ಕದಲ್ಲಿ ಹುಟ್ಟೇ ಇಲ್ಲ.

ಕಸದ ಗಾಡಿ ಬಗ್ಗೆ ಒಂದು ಮಾತು. ಎಷ್ಟೋ ಪಂಚಾಯಿತಿಗಳಲ್ಲಿ ಈಗ ಸ್ವಸಹಾಯ ಸಂಘದ ಹೆಂಗಸರೇ ಸ್ವಚ್ಛ ವಾಹಿನಿ ಓಡಿಸುತ್ತಾರೆ. ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಬೆಳಿಗ್ಗೆ ಬೀದಿ ಬೀದಿಗೆ ಬರುತ್ತಾರೆ. ಅವರ ಗೌರವಧನ ತಿಂಗಳಿಗೆ ಸರಿಯಾಗಿ ಬರುತ್ತಿದೆಯಾ ಅಂತ ಕೇಳುವುದೂ ಬಜೆಟ್ ಪ್ರಶ್ನೆಯೇ. ಒಣ ಕಸ, ಹಸಿ ಕಸ ಬೇರೆ ಮಾಡಿ ಕೊಡಿ ಅಂತ ನಮಗೆ ಹೇಳುವವರಿಗೆ ನಾವು ಅಷ್ಟಾದರೂ ಕೇಳಬೇಕು.

ಎಲ್ಲಿ ಕೇಳುವುದು, ಯಾವಾಗ ಕೇಳುವುದು? ಜನ ಸಾಮಾನ್ಯವಾಗಿ ಜಮಾಬಂದಿಗೆ ಬರುತ್ತಾರೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಮೇಲಿನ ಅಧಿಕಾರಿ ಬಂದು, ಲೆಕ್ಕದ ಪುಸ್ತಕ ಎಲ್ಲರ ಮುಂದೆ ಬಿಚ್ಚಿ, ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡುತ್ತಾರೆ. ತಪ್ಪದೆ ಬನ್ನಿ. ಆದರೆ ಅಲ್ಲಿ ಸಿಗುವುದು ಖರ್ಚಾಗಿ ಹೋದ ದುಡ್ಡಿನ ಲೆಕ್ಕ. ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಆಗುವುದು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮ ಸಭೆಯಲ್ಲಿ. ಮುಂದಿನ ವರ್ಷದ ಯೋಜನೆ ಅಕ್ಟೋಬರ್ 2ರ ಆಸುಪಾಸಿನಲ್ಲೇ ಶುರುವಾಗುತ್ತದೆ. ನೀವು ಅಲ್ಲಿ ಹೇಳಿದ ಕೆಲಸ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ ಅಂತ ನೋಡಿಯೇ ಸಹಿ ಹಾಕಿ. ಖಾಲಿ ಹಾಳೆಗೆ ಮೊದಲೇ ಸಹಿ ತೆಗೆದುಕೊಂಡು ಆಮೇಲೆ ತುಂಬಿಸುವ ಅಭ್ಯಾಸ ಕೆಲವು ಕಡೆ ಇದೆ. ಟೀ, ಬಿಸ್ಕತ್ತು ಕೊಟ್ಟರೆ ತಗೊಳ್ಳಿ, ಸಹಿ ಮಾತ್ರ ಕೊನೆಗೆ.

ಪುಸ್ತಕ ತೋರಿಸಲ್ಲ ಅಂದರೂ ದಾರಿ ಇದೆ. ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿ ಹೆಸರು ಹುಡುಕಿದರೆ ಆ ವರ್ಷದ ಯೋಜನೆ, ಖರ್ಚು ಎಲ್ಲ ಸಿಗುತ್ತದೆ. ಹಿಂದಿನ ಸಾಲಿನಲ್ಲಿರುವ ಹುಡುಗರು ಮೊಬೈಲ್ ತೆಗೆಯಿರಿ. ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಅಂತ ಆರಿಸುತ್ತಾ ಹೋಗಿ. ಸಿಕ್ಕವರು ನಿಮ್ಮ ಊರಿನ ಕುಡಿಯುವ ನೀರಿನ ಲೆಕ್ಕ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ. ಪ್ರಶ್ನೆಗಳನ್ನು ಅಲ್ಲಿಂದಲೇ ತೆಗೆದುಕೊಳ್ಳೋಣ.