ಲಾರಿಯ ಎಡಗಣ್ಣು

ಕೇಳುಗರಿಗೆ ನಮಸ್ಕಾರ.

ಮುಂಬಯಿ ಹತ್ತಿರದ ಪನವೇಲ್, ಕಳಂಬೋಲಿ, ಉರಣ ಕಡೆ ಮನೆ ಮಾಡಿಕೊಂಡಿರುವ ನಾವು ಕನ್ನಡಿಗರು ಟ್ರೇಲರ್‌ಗಳ, ಅಂದರೆ ಕಂಟೇನರ್ ಎಳೆಯುವ ಉದ್ದನೆಯ ಲಾರಿಗಳ, ಸಹವಾಸ ತಪ್ಪಿಸಿಕೊಳ್ಳುವಂತಿಲ್ಲ. 1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾದ ಮೇಲೆ ಪಳಸ್ಪೆ ಫಾಟಾ ಎಂಬ ಕೂಡುರಸ್ತೆಯಿಂದಾಚೆಯ ದಾರಿ ಅವುಗಳ ಪಾಲಾಯಿತು. 40 ಅಡಿಯ ಕಂಟೇನರ್ ಎಂದರೆ 12 ಮೀಟರ್. ಎಳೆಯುವ ಕ್ಯಾಬಿನ್ ಬೇರೆ. ಅದರ ಪಕ್ಕದಲ್ಲಿ ನಮ್ಮ ಸ್ಕೂಟರ್.

ಚಾಲಕ ಕೂರುವುದು ಬಲಕ್ಕೆ. ಆ ಬದಿಯ ಕನ್ನಡಿ ಅವನ ಕೈಯಳತೆಯಲ್ಲಿದೆ, ಬೇಕಾದರೆ ಕಿಟಕಿಯಿಂದ ತಲೆ ಹಾಕಿಯೂ ನೋಡಬಹುದು. ಎಡಕ್ಕೆ ಆ ಸೌಕರ್ಯವಿಲ್ಲ. ಎತ್ತರದ ಬಾಗಿಲಿಗೆ ಒತ್ತಿಕೊಂಡು ನಿಂತ ಸವಾರನ ಹೆಲ್ಮೆಟ್ ಕೂಡ ಕಿಟಕಿಯ ಅಂಚಿನ ಕೆಳಗೇ ಉಳಿದುಬಿಡಬಹುದು. ಬ್ಲೈಂಡ್ ಸ್ಪಾಟ್ ಎನ್ನುವುದು ಇಂಥ ಜಾಗವನ್ನೇ. ಕನ್ನಡಿ ಇದೆಯಲ್ಲ ಎನ್ನಬೇಡಿ. ಆ ಉಬ್ಬುಗಾಜು ಹೆಚ್ಚು ಜಾಗ ತೋರಿಸುತ್ತದೆ, ನಿಜ; ಆದರೆ ಹತ್ತಿರದ್ದನ್ನು ಚಿಕ್ಕದು ಮಾಡಿ, ದೂರ ಮಾಡಿ ತೋರಿಸುತ್ತದೆ.

ಹಿಂದೆ ಈ ಕೊರತೆಯನ್ನು ತುಂಬುತ್ತಿದ್ದವನು ಕ್ಲೀನರ್. ಎಡ ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಬಾಗಿಲು ಬಡಿದು ಕೂಗುತ್ತಿದ್ದ ಹುಡುಗ. ಅವನ ಸಂಬಳ, ಊಟದ ಖರ್ಚು ಉಳಿಸಲೆಂದು ಎಷ್ಟೋ ಮಾಲೀಕರು ಅವನನ್ನು ಕೈಬಿಟ್ಟರು. ಅಪಘಾತವಾದಾಗ ಚಾಲಕನನ್ನು ಕೆಳಗಿಳಿಸಿ ಬಡಿಯುವ ಜನ ಆ ಖಾಲಿ ಸೀಟಿನ ಲೆಕ್ಕವನ್ನು ಮಾಲೀಕರಲ್ಲಿ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಎಡ ತಿರುವು. ಟ್ರೇಲರಿನ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿ ಬರುವುದಿಲ್ಲ, ಮೂಲೆಯನ್ನು ಒಳಗಿನಿಂದ ಕತ್ತರಿಸಿಕೊಂಡು ಬರುತ್ತವೆ. ಆದ್ದರಿಂದ ಚಾಲಕ ಮೊದಲು ಬಲಕ್ಕೆ ಸರಿದು ಆಮೇಲೆ ಎಡಕ್ಕೆ ತಿರುಗಿಸುತ್ತಾನೆ. ಬಲಕ್ಕೆ ಸರಿದಾಗ ಎಡಗಡೆ ದಾರಿ ತೆರೆದಂತೆ ಕಾಣುತ್ತದೆ. ಅವಸರದ ಸವಾರ, ಪುಣ್ಯಾತ್ಮ ಜಾಗ ಬಿಟ್ಟ ಎಂದುಕೊಂಡು ನುಗ್ಗುತ್ತಾನೆ. ಅಷ್ಟರಲ್ಲಿ ಕ್ಯಾಬಿನ್ ತಿರುಗಿರುತ್ತದೆ, ಚಾಲಕನ ಎಡಗನ್ನಡಿಯ ತುಂಬ ಕಂಟೇನರಿನ ಗೋಡೆ. ಹಿಂದಿನ ಗಾಲಿಗಳು ಆ ಸಂದಿಯನ್ನು ಮುಚ್ಚುತ್ತಾ ಬರುತ್ತವೆ. ಚಾಲಕ ಬ್ರೇಕ್ ಏಕೆ ಹಾಕಲಿಲ್ಲ ಎಂದು ಕೇಳುತ್ತಾರೆ. ಕಾಣದ್ದಕ್ಕೆ ಯಾರು ಬ್ರೇಕ್ ಹಾಕುತ್ತಾರೆ?

ಬೆನ್ನ ಹಿಂದೆ ಅಂಟಿಕೊಂಡು ಬರುವವರೂ ಅವನಿಗೆ ಕಾಣುವುದಿಲ್ಲ. ನಡುಗನ್ನಡಿ ಇದ್ದರೂ ಕಂಟೇನರ್ ಅಡ್ಡ. ಸಿಗ್ನಲ್ಲಿನಲ್ಲಿ ಲಾರಿಯ ಮೂಗಿನ ಕೆಳಗೇ ಸ್ಕೂಟರ್ ನಿಲ್ಲಿಸಿ ಮೊಬೈಲ್ ನೋಡುವವರ ಧೈರ್ಯಕ್ಕೆ ಏನು ಹೇಳಲಿ? ಹಸಿರು ದೀಪ ಬಿದ್ದ ಹೊತ್ತಿಗೆ ಗಾಡಿ ಆಫ್ ಆದರೆ, ಮೇಲೆ ಕುಳಿತವನಿಗೆ ಅದು ಗೊತ್ತಾಗದೆ ಹೋಗಬಹುದು.

ಚಾಲಕರು ಹೇಳುವ ಒಂದು ಲೆಕ್ಕವಿದೆ: ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ, ನೀವೂ ಅವನಿಗೆ ಕಾಣುತ್ತಿಲ್ಲ. ಕಂಡರೂ ಪೂರ್ತಿ ನಂಬಬೇಡಿ, ಅವನ ಗಮನ ಫೋನಿನ ಮೇಲಿರಬಹುದು. ದಾಟುವುದಾದರೆ ಬಲದಿಂದ, ಹಾರ್ನ್ ಹಾಕಿ, ಪಕ್ಕದಲ್ಲಿ ಜೊತೆಜೊತೆಗೆ ಸಾಗದೆ ಬೇಗ ದಾಟಿಬಿಡಿ. ಮುಂದೆ ಎಡ ತಿರುವು ಇದ್ದರೆ ಹಿಂದೆಯೇ ಉಳಿಯಿರಿ, ಇಂಡಿಕೇಟರ್ ಮಿನುಗದಿದ್ದರೂ. ಕೆಟ್ಟ ಇಂಡಿಕೇಟರ್ ಇಟ್ಟುಕೊಂಡೇ ಓಡುವ ಲಾರಿಗಳು ಉರಣ ರಸ್ತೆಯಲ್ಲಿ ಬೇಕಾದಷ್ಟಿವೆ.

ನಮಸ್ಕಾರ.