ಗೊತ್ತಿರುವುದನ್ನೇ ಗೊತ್ತಿಲ್ಲ ಅಂದುಕೊಳ್ಳುವ ಮಕ್ಕಳು

(ದೃಶ್ಯ: ಧಾರವಾಡ, ಜಿಟಿಜಿಟಿ ಮಳೆ. ಬ್ಯಾಗು ಹೊತ್ತು ಬಸ್ಸಿನಿಂದ ಇಳಿಯುವ ವಿದ್ಯಾರ್ಥಿಗಳು)

ನಮಸ್ಕಾರ. ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂತು. ಅಂದಿನಿಂದ ಗದಗ, ಹಾವೇರಿ ಹಳ್ಳಿಗಳ ಮಕ್ಕಳು ಇಲ್ಲಿಗೆ ಓದಲು ಬರುತ್ತಲೇ ಇದ್ದಾರೆ. ಎಷ್ಟೋ ಮನೆಗಳಲ್ಲಿ ಎಂ.ಎ. ಮೆಟ್ಟಿಲು ಹತ್ತಿದವರು ಇವರೇ ಮೊದಲು.

ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಬ್ಯಾಡಗಿ ಕಡೆಯ ಒಬ್ಬ ಹುಡುಗಿ ನನ್ನ ಕ್ಲಾಸಿನಲ್ಲಿದ್ದಳು. ಬಿ.ಎ. ವರೆಗೂ ಕನ್ನಡ ಮಾಧ್ಯಮ. ಒಂದು ತಿಂಗಳು ಬಾಯೇ ಬಿಡಲಿಲ್ಲ. ಬೋರ್ಡಿನ ಮೇಲೆ 'ಎಲಾಸ್ಟಿಸಿಟಿ ಆಫ್ ಡಿಮ್ಯಾಂಡ್' ಅಂತ ಬರೆದ ದಿನ ತಲೆ ತಗ್ಗಿಸಿ ಕೂತಿದ್ದಳು. ಕ್ಲಾಸು ಮುಗಿದ ಮೇಲೆ ಕರೆದು ಕೇಳಿದೆ: "ಮೆಣಸಿನಕಾಯಿ ರೇಟು ಏರಿದರೆ ಏನಾಗುತ್ತದೆ, ತಂಗಿ?"

"ಮನಿಗೆ ಒಯ್ಯೋರು ಸ್ವಲ್ಪ ಕಡಿಮಿ ಒಯ್ತಾರ್ರಿ ಸರ್. ಉಪ್ಪಾದ್ರ ರೇಟ್ ಎಷ್ಟಾದ್ರೂ ಅಷ್ಟ ತಗೋತಾರ." ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಕೇಳಿದಳು: "ಇದು ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಲ್ರಿ?"

ಅದೇ! ಬೆಲೆ ಬದಲಾದಾಗ ಬೇಡಿಕೆ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಅನ್ನುವ ಅಳತೆ. ಅವಳಿಗೆ ವಿಷಯ ಗೊತ್ತಿತ್ತು. ಇಲ್ಲಿ ಅದರ ಹೆಸರು ಬದಲಾಗಿತ್ತು, ಅಷ್ಟೇ. ಇಂಥವರನ್ನು 'ವೀಕ್' ಅಂತ ಕರೆಯುವುದು ದೊಡ್ಡ ಅನ್ಯಾಯ.

(ದೃಶ್ಯ: ನೋಟ್‌ಬುಕ್ಕಿನ ಹಾಳೆ, ಎರಡು ಸಾಲು ಪದಗಳು)

ಅದಾದ ಮೇಲೆ ನಾನು ಪ್ರತಿ ಪಾಠದ ಮುಂಚೆ ಒಂದು ಪಟ್ಟಿ ಕೊಡುತ್ತೇನೆ. ಒಂದು ಕಡೆ ಹಣದುಬ್ಬರ, ಇನ್ನೊಂದು ಕಡೆ ಇನ್‌ಫ್ಲೇಷನ್. ಸೀಮಾಂತ ತುಷ್ಟಿಗುಣ, ಅಂದರೆ ಒಂದು ವಸ್ತು ಇನ್ನೊಂದು ಹೆಚ್ಚು ಸಿಕ್ಕಾಗ ಸಿಗುವ ಹೆಚ್ಚುವರಿ ತೃಪ್ತಿ; ಎದುರಿಗೆ ಮಾರ್ಜಿನಲ್ ಯುಟಿಲಿಟಿ. ಮೊದಲು ಕನ್ನಡದಲ್ಲಿ ವಿಷಯ ಹೇಳುತ್ತೇನೆ, ಆಮೇಲೆ ಇಂಗ್ಲಿಷ್ ಹೆಸರು. "ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಹೂಂ ಅಂದುಬಿಡುತ್ತಾರೆ, ಅಲ್ವಾ? ಅದರ ಬದಲು ಇಬ್ಬಿಬ್ಬರು ಎರಡು ನಿಮಿಷ ತಮ್ಮ ಮಾತಿನಲ್ಲೇ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ತಾಂಡಾದಿಂದ ಬಂದವರು ಲಂಬಾಣಿಯಲ್ಲೇ ಹೇಳಿಕೊಳ್ಳಲಿ. ಅವರಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು.

ಪರೀಕ್ಷೆಯಲ್ಲಿ ಜಾಸ್ತಿ ಅಂಕ ಹೋಗುವುದು ಪ್ರಶ್ನೆಯ ಮೊದಲ ಪದದಲ್ಲಿ. 'ಡಿಫೈನ್' ಅಂದರೆ ಎರಡು ಸಾಲಿನ ವ್ಯಾಖ್ಯೆ ಸಾಕು. 'ಕ್ರಿಟಿಕಲಿ ಎಕ್ಸಾಮಿನ್' ಅಂದರೆ ಆ ವಾದದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅಂತ ತೂಗಿ ನೋಡಬೇಕು. ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಪಾಪ, ಗೊತ್ತಿರುವುದನ್ನೆಲ್ಲ ನಾಲ್ಕು ಪುಟ ಬರೆದು ಬರುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಒಂದು ಕ್ಲಾಸು ಇದಕ್ಕೇ ಕೊಡಿ.

ಕೋರ್ಸು ಇಂಗ್ಲಿಷಿನಲ್ಲಿದ್ದರೂ ಉತ್ತರವನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತು. ಒಳ್ಳೆಯ ಮಾತು. ನಿಮ್ಮ ವಿಭಾಗದಲ್ಲಿ ನಿಯಮ ಹೇಗಿದೆ ಅಂತ ಮೊದಲ ವಾರವೇ ಕೇಳಿ. ಆದರೆ ಮುಂದೆ ಓದಬೇಕಾದ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಹಾಗಾಗಿ ಆ ಎರಡು ಸಾಲಿನ ಪಟ್ಟಿಯನ್ನು ಬಿಡಬೇಡಿ.

(ದೃಶ್ಯ: ಹಾಸ್ಟೆಲ್ ಕೋಣೆ, ಹಳೆಯ ನೋಟ್‌ಬುಕ್ಕುಗಳ ಕಟ್ಟು)

ಸೀನಿಯರ್‌ಗಳಿಗೆ ಒಂದು ವಿನಂತಿ. ನಿಮ್ಮ ಹಳೆಯ ನೋಟ್ಸಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡ ಅರ್ಥ ಬರೆದುಕೊಂಡಿದ್ದೀರಲ್ಲ, ಅದನ್ನು ರದ್ದಿಗೆ ಹಾಕಬೇಡಿ. ಈ ವಾರ ಪಕ್ಕದ ಕೋಣೆಗೆ ಹೊಸದಾಗಿ ಬಂದವರ ಕೈಗೆ ಕೊಡಿ.