ಮೊದಲು ಕನ್ನಡಕ, ಆಮೇಲೆ ಲೇಸರ್

ಕೇಳುಗರೆ, ನಮಸ್ಕಾರ.

ಪರದೆಯ ಮೇಲೆ ಬೊಟ್ಟು ಮಾಡಲು ಬಳಸುವ ಪುಟ್ಟ ಕೆಂಪು ಲೇಸರ್ ಸಾಕಾಗಿಹೋದವರು ನನ್ನ ಹತ್ತಿರ ಬಂದು, "ಇದಕ್ಕಿಂತ ಜೋರಾದದ್ದೊಂದು ಕೊಳ್ಳಬೇಕು, ಯಾವುದು ಒಳ್ಳೆಯದು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಲೇಸರಿನಿಂದ ಕಣ್ಣು ಕಾಯುವ ಕನ್ನಡಕ ಕೊಂಡಾಯಿತೇ?" ಬಹಳ ಮಂದಿಗೆ ಇದು ಮಾತು ಹಾರಿಸಿದ ಹಾಗೆ ಕಾಣುತ್ತದೆ. ಆದರೆ ನನ್ನ ಉತ್ತರ ಶುರುವಾಗುವುದೇ ಅಲ್ಲಿಂದ.

ಲೇಸರುಗಳನ್ನು ಅಪಾಯದ ಲೆಕ್ಕದಲ್ಲಿ ದರ್ಜೆಗಳಾಗಿ ವಿಂಗಡಿಸುತ್ತಾರೆ. ಪುಟ್ಟ ಪಾಯಿಂಟರು 1 ಮಿಲಿವ್ಯಾಟ್, ಅಂದರೆ ವ್ಯಾಟಿನ ಸಾವಿರದಲ್ಲಿ ಒಂದು ಪಾಲಿನ ಒಳಗಿದ್ದರೆ ಅದು ಎರಡನೇ ದರ್ಜೆ. ಅಕಸ್ಮಾತ್ ಕಣ್ಣಿಗೆ ಬಿದ್ದರೂ ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಹಾನಿಯಾಗದು ಎಂಬುದೇ ಆ ದರ್ಜೆಯ ಲೆಕ್ಕ. 5 ಮಿಲಿವ್ಯಾಟ್ ದಾಟಿದರೆ ಮೂರು-ಬಿ, 500 ದಾಟಿದರೆ ನಾಲ್ಕನೇ ದರ್ಜೆ. ಅಲ್ಲಿ ರೆಪ್ಪೆಯನ್ನು ನಂಬಿಕೊಂಡು ಕೂರುವಂತಿಲ್ಲ.

"1 ವ್ಯಾಟ್ ಅಂದರೆ ಎಷ್ಟು ಮಹಾ, ಮನೆಯ ಬಲ್ಬೇ 9 ವ್ಯಾಟ್" ಅನ್ನುವವರಿದ್ದಾರೆ. ಬಲ್ಬಿನ ಬೆಳಕು ಕೋಣೆಯ ತುಂಬ ಚೆಲ್ಲಿಹೋಗುತ್ತದೆ. ಲೇಸರಿನದು ಒಂದೇ ಗೆರೆಯಾಗಿ ಬರುತ್ತದೆ. ಕಣ್ಣಿನ ಮಸೂರ ಅದನ್ನು ಇನ್ನೂ ಕೂಡಿಸಿ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಚುಕ್ಕೆ ಮಾಡುತ್ತದೆ. ಕಣ್ಣಿನ ಹೊರಗಿದ್ದ ತೀವ್ರತೆ ಅಲ್ಲಿ ಸುಮಾರು ಒಂದು ಲಕ್ಷ ಪಟ್ಟಾಗಿರುತ್ತದೆ. ರೆಟಿನಾಕ್ಕೆ ನೋವಿನ ಅರಿವಿಲ್ಲ. ಸುಟ್ಟದ್ದು ಗೊತ್ತಾಗುವುದು, ಓದುವ ಸಾಲಿನ ನಡುವೆ ಒಂದು ಅಕ್ಷರ ಕಾಣದೆ ಹೋದಾಗ.

ಈಗ ಬಣ್ಣದ ವಿಷಯ. ಬೆಳಕಿನ ಬಣ್ಣ ಯಾವುದೆಂದು ಹೇಳುವುದು ಅದರ ತರಂಗಾಂತರ, ಅದನ್ನು ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಶಕ್ತಿ ಬೇರೆ, ಕಣ್ಣಿಗೆ ಕಾಣುವ ಹೊಳಪು ಬೇರೆ. ಹಗಲಿನಲ್ಲಿ ನಮ್ಮ ಕಣ್ಣು 555 ನ್ಯಾನೋಮೀಟರ್ ಸುತ್ತಿನ ಹಸಿರಿಗೆ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ಅದೇ ಶಕ್ತಿಯ 450 ನ್ಯಾನೋಮೀಟರಿನ ನೀಲಿ ಆ ಹಸಿರಿನ ಇಪ್ಪತ್ತರಲ್ಲಿ ಒಂದು ಪಾಲೂ ಹೊಳೆಯುವುದಿಲ್ಲ. 405ರ ನೇರಳೆಯಂತೂ ಇನ್ನೂ ಮಂಕು. ನನಗೆ ಹೆಚ್ಚು ಹೆದರಿಕೆ ಈ ನೇರಳೆಯದೇ. ಮಂಕಾಗಿ ಕಾಣುವುದರಿಂದ ಸೌಮ್ಯ ಅಂದುಕೊಂಡು ಜನ ದಿಟ್ಟಿಸಿ ನೋಡುತ್ತಾರೆ, ಕಣ್ಣಿನ ಮೇಲೆ ಬೀಳುವ ಶಕ್ತಿ ಮಾತ್ರ ಎಳ್ಳಷ್ಟೂ ಕಡಿಮೆಯಿರುವುದಿಲ್ಲ.

ಕತ್ತಲಲ್ಲಿ ಕಿರಣದ ಗೆರೆ ಚೆನ್ನಾಗಿ ಕಾಣಬೇಕು ಅನ್ನುವುದೇ ಆಸೆಯಾದರೆ ಹಸಿರು ಸಾಕು, ಹತ್ತಾರು ಮಿಲಿವ್ಯಾಟೇ ಧಾರಾಳ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು 520 ನ್ಯಾನೋಮೀಟರಿನ ಹಸಿರು, 50 ಮಿಲಿವ್ಯಾಟ್ ಆಸುಪಾಸಿನದು. ಇನ್ನೊಂದು ಬಗೆಯ ಹಸಿರು ಲೇಸರ್, 532 ನ್ಯಾನೋಮೀಟರಿನದು, ಯಾಕೆ ಬೇಡ ಅಂದರೆ, ಅದರ ಹಸಿರು ನೇರವಾಗಿ ಹುಟ್ಟಿದ್ದಲ್ಲ. ಒಳಗೆ 808 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹೊಮ್ಮಿಸುವ ಪುಟ್ಟ ಬಿಡಿಭಾಗ, ಅಂದರೆ ಡಯೋಡ್ ಇರುತ್ತದೆ. ಅದರ ಬೆಳಕು ಒಂದು ಹರಳಿಗೆ ಹೊಕ್ಕು 1064 ಆಗಿ ಹೊರಡುತ್ತದೆ, ಇನ್ನೊಂದು ಹರಳು ಆ ತರಂಗಾಂತರವನ್ನು ಅರ್ಧಕ್ಕಿಳಿಸಿ 532 ಮಾಡುತ್ತದೆ. ಉಳಿದ ಅವಕೆಂಪನ್ನು ತಡೆಯಲು ಕೊನೆಯಲ್ಲಿ ಒಂದು ಸೋಸುಗಾಜು ಬೇಕು. ಅಗ್ಗದ ಸಾಧನಗಳಲ್ಲಿ ಎಷ್ಟೋ ಸಲ ಆ ಗಾಜೇ ಇರುವುದಿಲ್ಲ. ಹಸಿರಿನ ಜೊತೆ ಕಣ್ಣಿಗೆ ಕಾಣದ ಬೆಳಕೂ ಬರುತ್ತದೆ, ಹಸಿರಿಗೆಂದು ಕೊಂಡ ಕನ್ನಡಕ ಅದನ್ನು ತಡೆಯಲಿಕ್ಕಿಲ್ಲ. 520ರದ್ದು ಡಯೋಡಿನಿಂದಲೇ ನೇರವಾಗಿ ಬರುವ ಹಸಿರು, ಅದಕ್ಕೆ ಈ ತಾಪತ್ರಯವಿಲ್ಲ.

ಲೇಸರಿನ ಮೈಮೇಲಿನ ಚೀಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಐದು ಅಂತ ಬರೆದಿದ್ದು ಐವತ್ತು ಉಗುಳುವುದುಂಟು. ಪವರ್ ಮೀಟರಿನಲ್ಲಿ ಅಳೆದ ಅಂಕಿ, ತರಂಗಾಂತರ, ದರ್ಜೆ, ಈ ಮೂರನ್ನೂ ಕೊಡುವ ಮಾರಾಟಗಾರರಿಂದಲೇ ಕೊಳ್ಳಿ. ಬೀಗದ ಕೈ ತಿರುಗಿಸಿದರೆ ಮಾತ್ರ ಹೊತ್ತುವ ಲೇಸರಾದರೆ ಇನ್ನೂ ಒಳ್ಳೆಯದು.

ಇನ್ನು ಕನ್ನಡಕ. ಪೆಟ್ಟಿಗೆಯ ಜೊತೆ ಪುಕ್ಕಟೆ ಬರುವ ಬಣ್ಣದ ಪ್ಲಾಸ್ಟಿಕ್ಕನ್ನು ನಾನು ಕನ್ನಡಕ ಅನ್ನುವುದಿಲ್ಲ. ಯಾವ ತರಂಗಾಂತರದಿಂದ ಯಾವುದರವರೆಗೆ, ಆಪ್ಟಿಕಲ್ ಡೆನ್ಸಿಟಿ ಎಷ್ಟು ಅಂತ ಅದರ ಮೇಲೆಯೇ ಅಚ್ಚಾಗಿರಬೇಕು. ಈ ಡೆನ್ಸಿಟಿ ಒಂದೊಂದು ಅಂಕಿ ಏರಿದಂತೆ ಒಳಬರುವ ಬೆಳಕು ಹತ್ತನೇ ಒಂದಕ್ಕಿಳಿಯುತ್ತದೆ. 4 ಅಂತ ಇದ್ದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ. ನೀಲಿ, ಹಸಿರನ್ನು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಕೆಂಪು ಲೇಸರನ್ನು ಸಲೀಸಾಗಿ ಒಳಬಿಡುತ್ತದೆ. ಅದಕ್ಕೇ ಲೇಸರಿನ ತರಂಗಾಂತರಕ್ಕೂ ಕನ್ನಡಕದ ಮೇಲಿನ ಅಂಕಿಗೂ ತಾಳೆಯಾಗಬೇಕು. ಕೋಣೆಯಲ್ಲಿ ಮೂರು ಜನರಿದ್ದರೆ ಮೂರು ಕನ್ನಡಕ ಬೇಕು. ಬೆಕ್ಕು, ನಾಯಿ ಹೊರಗಿರಲಿ. ಹಾಕಿಕೊಂಡ ಮೇಲೂ ಕಿರಣದತ್ತ ನೇರವಾಗಿ ನೋಡುವಂತಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. 1 ವ್ಯಾಟಿನ ನೀಲಿ ಲೇಸರನ್ನು ಮೊದಲ ಸಲ ಹೊತ್ತಿಸಿದಾಗ ಮೇಜಿನ ಮೇಲೆ ಕಪ್ಪು ಕಾಗದ ಇಟ್ಟಿದ್ದೆ, ಕನ್ನಡಕವನ್ನೂ ಹಾಕಿಕೊಂಡಿದ್ದೆ. ಚುಕ್ಕೆ ಬಿದ್ದಲ್ಲಿ ಎಳೆಯಾಗಿ ಹೊಗೆ ಎದ್ದಿತು, ಸಾಸಿವೆಕಾಳಿನಷ್ಟು ತೂತು ಬಿತ್ತು. ಕಾಗದ ಸರಿಪಡಿಸೋಣ ಅಂತ ಇನ್ನೊಂದು ಕೈ ಚಾಚಿದೆ. ಮಣಿಕಟ್ಟಿನಲ್ಲಿದ್ದ ಕೈಗಡಿಯಾರದ ಸ್ಟೀಲ್ ಪಟ್ಟಿಗೆ ಕಿರಣ ತಗುಲಿ, ಕ್ಷಣಾರ್ಧದಲ್ಲಿ ನನ್ನ ಹಿಂದಿನ ಗೋಡೆಯಿಂದ ಚಾವಣಿಯವರೆಗೆ ಬೆಳಕು ಗೀಚಿಹೋಯಿತು. ನಡುವೆ ಇದ್ದದ್ದು ನನ್ನ ಮುಖ. ಅಂದಿನಿಂದ ಗಡಿಯಾರ, ಉಂಗುರ ತೆಗೆದಿಟ್ಟೇ ಗುಂಡಿ ಒತ್ತುವುದು. ಮೊಬೈಲಿನ ಗಾಜು, ಚಮಚ, ನುಣುಪಾದ ನೆಲ, ಕಿಟಕಿ, ಎಲ್ಲವೂ ಕನ್ನಡಿಯೇ. ಪ್ರಯೋಗಾಲಯದಲ್ಲಿ ಇಂಥ ಲೇಸರನ್ನು ಮೇಜಿಗೆ ಬಿಗಿದಿಡುತ್ತಾರೆ. ಕೈಲೇಸರು ಮಣಿಕಟ್ಟು ತಿರುಗಿದತ್ತ ತಿರುಗುತ್ತದೆ. ಇನ್ನು ನಾಲ್ಕನೇ ದರ್ಜೆಯಲ್ಲಿ, ಒರಟು ಗೋಡೆಯ ಮೇಲಿನ ಚುಕ್ಕೆಯನ್ನು ಹತ್ತಿರದಿಂದ ಬರಿಗಣ್ಣಲ್ಲಿ ನೋಡುವುದೂ ಅಪಾಯವೇ.

ಹೊರಗೆ ಹೋದಾಗ ಆಕಾಶದತ್ತ ಹಿಡಿಯಬೇಕೆನ್ನಿಸುತ್ತದೆ. ದಯವಿಟ್ಟು ಬೇಡ. 1 ಮಿಲಿರೇಡಿಯನ್, ಅಂದರೆ ಸಾವಿರ ಮೀಟರಿಗೆ ಒಂದು ಮೀಟರಿನಂತೆ ಹರಡುವ ಕಿರಣ 3 ಕಿಲೋಮೀಟರ್ ಮೇಲೆ ಸುಮಾರು 3 ಮೀಟರ್ ಅಗಲವಾಗಿರುತ್ತದೆ. ವಿಮಾನದ ಮುಂಗಾಜಿಗೆ ಬಿದ್ದರೆ ಗಾಜೆಲ್ಲ ಹೊತ್ತಿಕೊಂಡಂತೆ ಹೊಳೆದು, ಇಳಿಸುತ್ತಿರುವ ಪೈಲಟ್ಟಿಗೆ ಮುಂದಿನದೇನೂ ಕಾಣದು. ಹಲವು ದೇಶಗಳಲ್ಲಿ ಇದು ಶಿಕ್ಷಾರ್ಹ ಅಪರಾಧ.

ಲಿಥಿಯಂ ಬ್ಯಾಟರಿಯನ್ನು ಅದರದೇ ಚಾರ್ಜರಿನಲ್ಲಿ ತುಂಬಿಸಿ. ಸಾಧನ ಬಿಸಿಯಾದರೆ ಆರಲು ಬಿಡಿ.

ಕಣ್ಣಿಗೆ ಕಿರಣ ಹೊಡೆದ ಅನುಮಾನ ಬಂದರೆ, ನೋವಿಲ್ಲವಲ್ಲ ಅಂತ ಮಲಗಬೇಡಿ. ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ, ಯಾವ ಬಣ್ಣ, ಎಷ್ಟು ಶಕ್ತಿ, ಎಷ್ಟು ದೂರದಿಂದ ಅಂತ ಹೇಳಿ. ಸಾಧ್ಯವಾದರೆ ಆ ಲೇಸರನ್ನೂ ತೆಗೆದುಕೊಂಡು ಹೋಗಿ, ಬ್ಯಾಟರಿ ತೆಗೆದು.

ನಮಸ್ಕಾರ.